ವೀಸಾ ಸಿಗದಿದ್ರೆ ಟೂರಿಗೆ ಕಟ್ಟಿದ ಮುಂಗಡ ವಾಪಸ್ ಬರುತ್ತಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಮೂರು ಎಕರೆ ಅಡಿಕೆ ತೋಟ. ಬರುವ ಮೇ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಯುರೋಪ್ ಗ್ರೂಪ್ ಟೂರಿಗೆ ಹೋಗೋಣ ಅಂತಿದ್ದೇವೆ. ಇಬ್ಬರಿಗೂ ಇದೇ ಮೊದಲ ವಿದೇಶ ಪ್ರಯಾಣ. ಶಿವಮೊಗ್ಗದ ಏಜೆಂಟರು ಈಗಲೇ ತಲೆಗೆ ಐವತ್ತು ಸಾವಿರ ಮುಂಗಡ ಕಟ್ಟಿ ಅನ್ನುತ್ತಿದ್ದಾರೆ. ವೀಸಾ ಸಿಗದಿದ್ದರೆ ಈ ದುಡ್ಡು ವಾಪಸ್ ಬರುತ್ತಾ?

ಉತ್ತರ: ಪೂರ್ತಿ ಬರುವುದಿಲ್ಲ. ಎಷ್ಟು ಬರುತ್ತದೆ ಅನ್ನುವುದು ನೀವು ಸಹಿ ಹಾಕುವ ಬುಕಿಂಗ್ ಫಾರಂನ ಹಿಂಬದಿಯಲ್ಲಿ, ಕನ್ನಡಕ ಹಾಕಿಕೊಂಡರೂ ಕಣ್ಣು ಕಿರಿದು ಮಾಡಬೇಕಾದಷ್ಟು ಸಣ್ಣ ಅಕ್ಷರದಲ್ಲಿರುತ್ತದೆ. ಹೆಚ್ಚಿನ ಕಂಪನಿಗಳು ಅಲ್ಲಿ ಬರೆದುಕೊಂಡಿರುವುದು ಒಂದೇ ಮಾತು: ವೀಸಾ ಕೊಡುವುದು ಬಿಡುವುದು ಆ ದೇಶದವರಿಗೆ ಬಿಟ್ಟಿದ್ದು, ಅದಕ್ಕೆ ನಾವು ಹೊಣೆಯಲ್ಲ. ಅದು ಸುಳ್ಳೇನೂ ಅಲ್ಲ. ಏಜೆಂಟರು ಅರ್ಜಿ ತುಂಬಿಸಿ ಕೊಡಬಹುದು, ವೀಸಾ ಕೊಡಿಸಲು ಅವರಿಂದ ಆಗುವುದಿಲ್ಲ. 'ವೀಸಾ ಗ್ಯಾರಂಟಿ ಸಾರ್' ಅಂದವರ ಅಂಗಡಿಯಿಂದ ಎದ್ದು ಬನ್ನಿ.

ವೀಸಾ ಶುಲ್ಕ ಅಂತೂ ಹೋದಂತೆಯೇ. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಎಲ್ಲಕ್ಕೂ ಸೇರಿ ಒಂದೇ ಷೆಂಗೆನ್ ವೀಸಾ. ದೊಡ್ಡವರಿಗೆ ಅದರ ಶುಲ್ಕ 2024ರ ಜೂನ್‌ನಿಂದ 90 ಯೂರೋ. ವೀಸಾ ಕೊಡದಿದ್ದರೂ ಅದನ್ನು ಮರಳಿಸುವುದಿಲ್ಲ. ಉಳಿದದ್ದು ವಿಮಾನದ ಟಿಕೆಟ್, ಹೋಟೆಲ್. ಹೊರಡುವ ದಿನ ಹತ್ತಿರವಾದಷ್ಟೂ ಅವುಗಳಲ್ಲಿ ಕಡಿತ ಜಾಸ್ತಿ.

ಹಾಗಾಗಿ ಏಜೆಂಟರನ್ನು 'ದುಡ್ಡು ವಾಪಸ್ ಕೊಡ್ತೀರಾ?' ಅಂತ ಕೇಳಬೇಡಿ. 'ಕೊಡ್ತೀವಿ ಬಿಡಿ' ಅಂದುಬಿಡುತ್ತಾರೆ. 'ಹೊರಡುವುದಕ್ಕೆ ಇಪ್ಪತ್ತು ದಿನ ಇರುವಾಗ ವೀಸಾ ಇಲ್ಲ ಅಂತ ಬಂದರೆ ತಲೆಗೆ ಎಷ್ಟು ರೂಪಾಯಿ ಕಳೆಯುತ್ತೀರಿ?' ಅಂತ ಕೇಳಿ. ಆ ಅಂಕಿಯನ್ನು ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಇನ್ನೊಂದು ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಗಂಡನಿಗೆ ವೀಸಾ ಬಂದು ಹೆಂಡತಿಗೆ ಬರದಿದ್ದರೆ? ಒಬ್ಬರೇ ಹೋಗುವವರಿಲ್ಲ ಅಲ್ವಾ! ಆದರೆ ವೀಸಾ ಸಿಕ್ಕವರು ಹೋಗದಿದ್ದರೆ ಅದು ನೀವಾಗಿಯೇ ರದ್ದು ಮಾಡಿದ ಲೆಕ್ಕಕ್ಕೆ ಹೋಗಬಹುದು. ಇದನ್ನೂ ಮೊದಲೇ ಮಾತಾಡಿಕೊಳ್ಳಿ.

ಇನ್ನು ನಿಜವಾದ ವಿಷಯಕ್ಕೆ ಬರೋಣ. ನಮ್ಮ ಕಡೆಯ ಬೆಳೆಗಾರರ ಅರ್ಜಿ ಎಡವುವುದು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ. ನಮ್ಮ ಭಾವನಿಗೆ ಹಾಗೇ ಆಯಿತು. ಕೊನೆಕೊಯ್ಲು ಮುಗಿದು, ಬೇಯಿಸಿ ಒಣಗಿಸಿ, ದರ ನೋಡಿಕೊಂಡು ಮಂಡಿಗೆ ಹಾಕುವಷ್ಟರಲ್ಲಿ ಮಾರ್ಚ್ ಬಂದಿತ್ತು. ಅವನ ಪಾಸ್‌ಬುಕ್ ನೋಡಿದರೆ ಐದು ತಿಂಗಳು ಹತ್ತು ಹನ್ನೆರಡು ಸಾವಿರ, ಆಮೇಲೆ ಒಂದೇ ದಿನ ಆರು ಲಕ್ಷ. ಅದಾಗಿ ಎಂಟನೇ ದಿನಕ್ಕೆ ವೀಸಾ ಅರ್ಜಿ. ನಮಗೆ ಇದು ವರ್ಷಾ ವರ್ಷಾ ನಡೆಯುವ ಸಂಗತಿ. ಅಡಿಕೆಯನ್ನೇ ಕಾಣದ ಅಧಿಕಾರಿಗೆ ಅದು ವೀಸಾಕ್ಕೋಸ್ಕರ ಯಾರಿಂದಲೋ ಕೈಗಡ ತಂದು ಹಾಕಿದ ದುಡ್ಡು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಲ್ಲ, ಭಾವ ರಿಟರ್ನ್ ಕೂಡ ಹಾಕಿರಲಿಲ್ಲ. ವೀಸಾ ಇಲ್ಲ ಅಂತ ಬಂತು. ಅಚ್ಚು ಹಾಕಿದ ಕಾರಣಗಳ ಪಟ್ಟಿ, ಅದರಲ್ಲಿ ಒಂದರ ಮುಂದೆ ಗುರುತು, ಅಷ್ಟೇ.

ಮರುವರ್ಷ ಅವನು ಮಾಡಿದ್ದು ಇಷ್ಟು. ಎರಡು ವರ್ಷದ ಅಡಿಕೆ ಮಾರಾಟದ ಬಿಲ್ಲುಗಳನ್ನು ಜೋಡಿಸಿದ. ಪ್ರತಿ ಬಿಲ್ಲಿನ ಮೊತ್ತಕ್ಕೂ ಸ್ಟೇಟ್‌ಮೆಂಟಿನಲ್ಲಿ ಅದು ಜಮಾ ಆದ ಸಾಲಿಗೂ ಪೆನ್ಸಿಲ್ಲಿನಲ್ಲಿ ಒಂದೇ ನಂಬರು ಹಾಕಿದ. ಪಹಣಿ ಮತ್ತು ಅದರ ಇಂಗ್ಲಿಷ್ ಅನುವಾದ ಇಟ್ಟ. ಜೊತೆಗೆ ಒಂದು ಪುಟದ ಪತ್ರ: ನಮ್ಮ ಬೆಳೆಗೆ ವರ್ಷಕ್ಕೊಮ್ಮೆ ದುಡ್ಡು, ಇದು ಆ ದುಡ್ಡು, ವಾಪಸ್ ಬಂದು ನೋಡಿಕೊಳ್ಳಲು ತೋಟ ಇದೆ. ವೀಸಾ ಬಂತು. ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ಮಾಮ್‌ಕೋಸ್‌ಗೆ ಹಾಕುವವರಾದರೂ ಖಾಸಗಿ ಮಂಡಿಗೆ ಹಾಕುವವರಾದರೂ ಬಿಲ್ಲು ಎಸೆಯಬೇಡಿ. ತೆರಿಗೆ ಬರದಿದ್ದರೂ ಕೃಷಿ ಆದಾಯ ತೋರಿಸಿ ರಿಟರ್ನ್ ಹಾಕಬಹುದು, ಅದೂ ಒಂದು ದಾಖಲೆ.

ರಿಟರ್ನ್ ಹಾಕಲು ಇನ್ನೊಂದು ಕಾರಣವೂ ಇದೆ. ವಿದೇಶ ಪ್ಯಾಕೇಜಿಗೆ ದುಡ್ಡು ಕಟ್ಟುವಾಗ ಜಿಎಸ್‌ಟಿ ಅಲ್ಲದೆ ಟಿಸಿಎಸ್ ಅಂತಲೂ ಹಿಡಿಯುತ್ತಾರೆ. 2020ರ ಅಕ್ಟೋಬರ್‌ನಲ್ಲಿ ಶುರುವಾದದ್ದು ಅದು. ದರ ಆಗಾಗ ಬದಲಾಗಿದೆ, ಕಟ್ಟುವ ದಿನ ಎಷ್ಟಿದೆ ಅಂತ ಕೇಳಿಕೊಳ್ಳಿ. ಇದು ಏಜೆಂಟರ ಲಾಭವಲ್ಲ, ನಿಮ್ಮ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಹೋಗುವ ಮುಂಗಡ ತೆರಿಗೆ. ನಿಮಗೆ ತೆರಿಗೆಯೇ ಇಲ್ಲದಿದ್ದರೆ ಪೂರ್ತಿ ವಾಪಸ್ ಸಿಗುತ್ತದೆ, ಆದರೆ ರಿಟರ್ನ್ ಹಾಕಿದರೆ ಮಾತ್ರ. ಪ್ಯಾನ್ ಕೊಡದಿದ್ದರೆ ಜಾಸ್ತಿ ದರ ಹಿಡಿಯುತ್ತಾರೆ.

ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಕೊಡಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹಿಡಿಯುತ್ತದೆ. ಮೇ ಪ್ರಯಾಣಕ್ಕೆ ಏಪ್ರಿಲ್‌ನಲ್ಲಿ ಅರ್ಜಿ ಹಾಕಿಸುವ ಏಜೆಂಟರು ನಿಮ್ಮ ದುಡ್ಡಿನ ಜೊತೆ ಆಟ ಆಡುತ್ತಿದ್ದಾರೆ ಅಂತಲೇ ತಿಳಿಯಿರಿ. ಮೊದಲ ಸಲದವರು ಬೆರಳಚ್ಚು ಕೊಡಲು ಖುದ್ದಾಗಿ ಬೆಂಗಳೂರಿಗೆ ಹೋಗಬೇಕು. ರಾತ್ರಿ ರೈಲಿಗೆ ಹೋಗಿ ಕೆಲಸ ಮುಗಿಸಿ ಬರಬಹುದು. ಪಾಸ್‌ಪೋರ್ಟ್‌ನ ಅವಧಿ ಅಲ್ಲಿಂದ ಹೊರಡುವ ದಿನದ ನಂತರ ಕನಿಷ್ಠ ಮೂರು ತಿಂಗಳು ಇರಬೇಕು. 30 ಸಾವಿರ ಯೂರೋ ತನಕ ಆಸ್ಪತ್ರೆ ಖರ್ಚು ಕೊಡುವ ವಿಮೆ ಕಡ್ಡಾಯ. ಆದರೆ ಆ ವಿಮೆ ಇದೆ ಅಂದಮಾತ್ರಕ್ಕೆ ವೀಸಾ ಸಿಗದಿದ್ದಾಗಿನ ನಷ್ಟವನ್ನೂ ಕೊಡುತ್ತಾರೆ ಅಂದುಕೊಳ್ಳಬೇಡಿ. ಅದಕ್ಕೆ ಪಾಲಿಸಿಯಲ್ಲಿ ಬೇರೆಯಾಗಿ ಬರೆದಿರಬೇಕು.

ದುಡ್ಡನ್ನು ಕಂಪನಿಯ ಖಾತೆಗೇ ಹಾಕಿ, ಏಜೆಂಟರ ಸ್ವಂತ ಫೋನ್‌ಪೇಗೆ ಬೇಡ. ಬರೆದುಕೊಟ್ಟದ್ದಕ್ಕಿಂತ ಜಾಸ್ತಿ ಕಡಿದುಕೊಂಡರೆ ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆಗಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ಪರವಾಗಿಲ್ಲ. 2019ರ ಕಾಯ್ದೆ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಶಿವಮೊಗ್ಗದಲ್ಲೇ ದೂರು ಕೊಡಬಹುದು. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು.

ನಿಮ್ಮಿಬ್ಬರ ವಿಷಯದಲ್ಲಿ ಒಂದು ಮಾತು. ಪಹಣಿ ಬಹುಶಃ ನಿಮ್ಮ ಹೆಸರಲ್ಲೋ ನಿಮ್ಮ ತಂದೆಯವರ ಹೆಸರಲ್ಲೋ ಇರುತ್ತದೆ. ಹೆಂಡತಿಯ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಅವರ ಖರ್ಚು ನೀವೇ ಕೊಡುವುದಾಗಿ ಒಂದು ಪತ್ರ, ಮದುವೆಯ ಪ್ರಮಾಣಪತ್ರ ಬೇಕಾಗುತ್ತದೆ. ಹಳೆಯ ಮದುವೆಗಳು ಎಷ್ಟೋ ನೋಂದಣಿ ಆಗಿರುವುದಿಲ್ಲ. ನಿಮ್ಮದೂ ಹಾಗಿದ್ದರೆ ಏಜೆಂಟರ ಹತ್ತಿರ ಹೋಗುವ ಮುಂಚೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಬನ್ನಿ.