ಐರನ್ ಫಿಲ್ಟರ್ ಅಂದರೇನು?

ಪಂಪ್ ಹಾಕಿದಾಗ ನೀರು ತಿಳಿಯಾಗಿಯೇ ಬರುತ್ತದೆ. ಬಕೆಟ್‌ನಲ್ಲಿ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ಕೆಂಪಗಾಗಿ, ತಳದಲ್ಲಿ ಕೆಸರು ಕೂತಿರುತ್ತದೆ. ಬಿಳಿ ಬಟ್ಟೆಗೆ ಹಳದಿ ಕಲೆ. ಚಹಾ ಮಾಡಿದರೆ ಕಪ್ಪು ಬಣ್ಣ, ಯಾಕೆಂದರೆ ಚಹಾದ ಒಗರಿನ ಅಂಶ ಕಬ್ಬಿಣದ ಜೊತೆ ಸೇರಿದರೆ ಕಪ್ಪಾಗುತ್ತದೆ. ದಕ್ಷಿಣ ಕನ್ನಡ, ಉಡುಪಿ ಕಡೆ ಬೋರ್‌ವೆಲ್ ಕೊರೆಸಿದ ಎಷ್ಟೋ ಮನೆಗಳಿಗೆ ಇದು ಹೊಸ ವಿಷಯವೇನಲ್ಲ. ಅಲ್ಲಿನ ಮುರಕಲ್ಲಿನ ಕೆಂಪಿಗೂ ಕಬ್ಬಿಣವೇ ಕಾರಣ.

ಇಂಥ ನೀರಿನಿಂದ ಕಬ್ಬಿಣವನ್ನು ತೆಗೆಯುವ ಸಾಧನವೇ ಐರನ್ ಫಿಲ್ಟರ್. ಆದರೆ ಅದು ಸುಮ್ನೆ ಸೋಸುವ ಜರಡಿಯಲ್ಲ. ನೆಲದಾಳದಲ್ಲಿ ಗಾಳಿ ತೀರಾ ಕಡಿಮೆ, ಹಾಗಾಗಿ ಅಲ್ಲಿ ಕಬ್ಬಿಣ ನೀರಿನಲ್ಲಿ ಪೂರ್ತಿ ಕರಗಿಯೇ ಇರುತ್ತದೆ. ಸಕ್ಕರೆ ಕರಗಿದ ನೀರನ್ನು ಬಟ್ಟೆಯಲ್ಲಿ ಸೋಸಿದರೆ ಸಕ್ಕರೆ ಸಿಗುತ್ತದೆಯೇ? ಇದೂ ಹಾಗೆಯೇ. ಮೊದಲು ಕರಗಿದ ಕಬ್ಬಿಣಕ್ಕೆ ತುಕ್ಕು ಹಿಡಿಸಬೇಕು. ಆಮೇಲೆ ಆ ತುಕ್ಕಿನ ಕಣಗಳನ್ನು ಮರಳಿನಲ್ಲಿ ಹಿಡಿಯಬೇಕು.

ತುಕ್ಕು ಹಿಡಿಸಲು ಗಾಳಿ ಸಾಕು. 1 ಮಿಲಿಗ್ರಾಂ ಆಮ್ಲಜನಕ ಸುಮಾರು 7 ಮಿಲಿಗ್ರಾಂ ಕಬ್ಬಿಣಕ್ಕೆ ಆಗುತ್ತದೆ. ಟ್ಯಾಂಕಿಗೆ ನೀರು ಬೀಳುವ ಜಾಗದಲ್ಲಿ ಶವರ್ ಹಾಕಿ, ಕೆಲವು ಗಂಟೆ ನಿಲ್ಲಲು ಬಿಟ್ಟು, ಮರಳು-ಜಲ್ಲಿಯ ಮೂಲಕ ಹಾಯಿಸಿದರೆ ಅದೇ ಒಂದು ಐರನ್ ಫಿಲ್ಟರ್.

ಹಾಗಾದರೆ ಎಲ್ಲರ ಮನೆಯಲ್ಲೂ ಯಾಕೆ ಇದು ಕೆಲಸ ಮಾಡುವುದಿಲ್ಲ? ನೀರಿನ ಪಿಎಚ್ ಕಾರಣ. 7ಕ್ಕಿಂತ ಕೆಳಗಿದ್ದರೆ, ಅಂದರೆ ನೀರು ಹುಳಿ ಕಡೆಗಿದ್ದರೆ, ತುಕ್ಕು ಹಿಡಿಯುವುದು ಬಹಳ ನಿಧಾನ. ಮುರಕಲ್ಲು ನೆಲದ ನೀರು ಹೆಚ್ಚಾಗಿ ಇಂಥದ್ದೇ. ಆಗ ಸುಣ್ಣಕಲ್ಲಿನ ಚೂರುಗಳ ಮೇಲೆ ನೀರು ಹಾಯಿಸಿ ಪಿಎಚ್ ಏರಿಸುತ್ತಾರೆ. ಇಲ್ಲವೇ ಬೇಗ ತುಕ್ಕು ಹಿಡಿಯಲೆಂದು ಕ್ಲೋರಿನ್ ಬೆರೆಸುತ್ತಾರೆ. ಅಂಗಡಿಯಲ್ಲಿ ಸಿಗುವ ಉದ್ದ ಸಿಲಿಂಡರ್‌ಗಳಲ್ಲಿ ಸಾಮಾನ್ಯವಾಗಿ ಮ್ಯಾಂಗನೀಸ್ ಡೈಆಕ್ಸೈಡ್ ಇರುವ ಹರಳುಗಳು ಇರುತ್ತವೆ. ಅವು ಈ ಕೆಲಸವನ್ನು ಚುರುಕುಗೊಳಿಸುತ್ತವೆ. ಆದರೆ ಅವಕ್ಕೂ ತೀರಾ ಹುಳಿ ನೀರು ಆಗಿಬರುವುದಿಲ್ಲ.

ಹಿಡಿದ ತುಕ್ಕು ಒಳಗೇ ಉಳಿಯುತ್ತದೆ ಅಲ್ವಾ? ಅದನ್ನು ಹೊರಹಾಕಲು ನೀರನ್ನು ಕೆಳಗಿನಿಂದ ಮೇಲಕ್ಕೆ ರಭಸವಾಗಿ ಹಾಯಿಸಬೇಕು. ಇದೇ ಬ್ಯಾಕ್‌ವಾಶ್. ಸೋಮಾರಿತನ ಮಾಡಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಬೈಗುಳ ಮಾತ್ರ ಮಾರಿದವನಿಗೆ! ಫ್ಲಷ್ ಟ್ಯಾಂಕಿನಲ್ಲಿ ಕೆಂಪು ಲೋಳೆ ಕಂಡರೆ ಕಬ್ಬಿಣದ ಬ್ಯಾಕ್ಟೀರಿಯಾ ಇರಬಹುದು. ಹಾಗಿದ್ದರೆ ಮೊದಲು ಬೋರ್‌ವೆಲ್‌ಗೇ ಕ್ಲೋರಿನ್ ಹಾಕಿಸಬೇಕು. ಅಡುಗೆಮನೆಯ ಆರ್‌ಒ ಯಂತ್ರ ಐರನ್ ಫಿಲ್ಟರ್‌ಗೆ ಬದಲಿಯಲ್ಲ. ಕಬ್ಬಿಣದ ನೀರನ್ನು ನೇರ ಕೊಟ್ಟರೆ ಅದರೊಳಗಿನ ಸೋಸುವ ತೆಳು ಪದರ, ಅಂದರೆ ಮೆಂಬ್ರೇನ್, ಬೇಗ ಹಾಳಾಗುತ್ತದೆ.

ಕುಡಿಯುವ ನೀರಿನಲ್ಲಿ ಲೀಟರಿಗೆ 0.3 ಮಿಲಿಗ್ರಾಂಗಿಂತ ಜಾಸ್ತಿ ಕಬ್ಬಿಣ ಇರಬಾರದು ಎಂದು 2012ರ ಭಾರತೀಯ ಮಾನಕ ಹೇಳಿತ್ತು. ಆಮೇಲೆ ಅದನ್ನು 1 ಮಿಲಿಗ್ರಾಂಗೆ ಸಡಿಲಿಸಿದರು. ಈ ಮಟ್ಟದಲ್ಲಿ ತೊಂದರೆ ಆರೋಗ್ಯಕ್ಕಿಂತ ರುಚಿ ಮತ್ತು ಕಲೆಯದ್ದು.

ಫಿಲ್ಟರ್ ಕೊಳ್ಳುವ ಮೊದಲು ಕಬ್ಬಿಣ, ಪಿಎಚ್ ಎರಡನ್ನೂ ಪರೀಕ್ಷೆ ಮಾಡಿಸಿ. ಪಂಪ್ ಸ್ವಲ್ಪ ಹೊತ್ತು ಓಡಿದ ಮೇಲೆ ಬೋರ್‌ವೆಲ್ ಪೈಪಿನಿಂದಲೇ ನೀರು ಹಿಡಿಯಿರಿ. ಟ್ಯಾಂಕಿನ ನೀರು ಕೊಟ್ಟರೆ ಅರ್ಧ ಕಬ್ಬಿಣ ಆಗಲೇ ತಳ ಸೇರಿರಬಹುದು. ಆ ಲೆಕ್ಕ ನಂಬಿ ತಂದ ಫಿಲ್ಟರ್ ಸಾಲುವುದಿಲ್ಲ.