ಪ್ಯಾರಿಸ್‌ನ ಜಪಾನಿ ಹೋಟೆಲುಗಳು: ಅಸಲಿ-ನಕಲಿ ಜಗಳ ಬಂದದ್ದೆಲ್ಲಿಂದ?

ಪ್ಯಾರಿಸ್‌ನಲ್ಲಿ ಜಪಾನಿ ಊಟದಲ್ಲಿ ಎರಡು ಬಗೆ ಇದೆ. ಒಂದು, ಒಪೆರಾ ನಾಟಕಶಾಲೆ ಹತ್ತಿರದ ಸೇಂತ್ ಆನ್ ಬೀದಿಯಲ್ಲಿ ಸರದಿಯಲ್ಲಿ ಕಾದು ತಿನ್ನುವ ರಾಮೆನ್ (ಸಾರಿನಲ್ಲಿ ಹಾಕಿದ ಶಾವಿಗೆ), ಉದೊನ್ (ದಪ್ಪ ಗೋಧಿ ಶಾವಿಗೆ). ಇನ್ನೊಂದು, ಊರಿನ ಯಾವ ಮೂಲೆಗೆ ಹೋದರೂ ಸಿಗುವ ಸುಶಿ (ಅನ್ನದ ಮೇಲೆ ಹಸಿಮೀನು) ಮತ್ತು ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ. ಎರಡೂ ಕಡೆ ಬೋರ್ಡ್ ಮೇಲೆ 'ಜಪಾನಿ' ಅಂತಲೇ ಇರುತ್ತದೆ. ಮೊದಲನೆಯದು ಅಸಲಿ, ಎರಡನೆಯದು ನಕಲಿ ಅನ್ನುವ ವಾದ ಇಪ್ಪತ್ತು ವರ್ಷದಿಂದ ನಡೆದೇ ಇದೆ. ನಡುವೆ ಜಪಾನ್ ಸರ್ಕಾರವೂ ಒಂದು ಕೈ ನೋಡಿತು. ಹಾಗಾಗಿ ಇದನ್ನು ಮೊದಲಿಂದ ಹೇಳಿದರೇನೇ ಅರ್ಥವಾಗುವುದು.

ಸೇಂತ್ ಆನ್ ಹುಟ್ಟಾ ಜಪಾನಿ ಬೀದಿಯೇನಲ್ಲ. 1968ರಲ್ಲಿ ಫಬ್ರೀಸ್ ಎಮೇರ್ ಅಲ್ಲಿ 'ಲ ಸೆತ್' ಕ್ಲಬ್ ತೆರೆದ ಮೇಲೆ ಅದು ಸಲಿಂಗಿಗಳ ಬಾರು, ಕ್ಲಬ್ಬುಗಳಿಗೆ ಹೆಸರಾಯಿತು. 70ರ ದಶಕದಲ್ಲಿ ಜಪಾನಿನ ಬ್ಯಾಂಕುಗಳು, ವಿಮಾನ ಕಂಪನಿಗಳು ಒಪೆರಾ ಸುತ್ತ ಕಚೇರಿ ಮಾಡಿದವು. ಜಪಾನಿನ ಮಿತ್ಸುಕೋಶಿ ಮಳಿಗೆಯೂ ಬಂತು. ಅಲ್ಲಿ ಕೆಲಸ ಮಾಡುವವರಿಗೆ ಮಧ್ಯಾಹ್ನ ಊಟ ಬೇಕಲ್ವಾ? ಹಾಗೆ ಹುಟ್ಟಿಕೊಂಡ ಸಣ್ಣ ಸಣ್ಣ ಹೋಟೆಲುಗಳು ಇವತ್ತಿಗೂ ಇವೆ. ಅವುಗಳಲ್ಲೊಂದಾದ ಹಿಗುಮಾದಲ್ಲಿ ಕೌಂಟರ್ ಪಕ್ಕ ಕೂತರೆ ಅಡುಗೆಮನೆ ಪೂರ್ತಿ ಕಣ್ಣೆದುರಿಗೇ. ದೊಡ್ಡ ಉರಿಯ ಮೇಲೆ ಬಾಣಲೆ ಹಾರುತ್ತಿರುತ್ತದೆ, ಹಬೆಗೆ ಕನ್ನಡಕ ಮಂಜಾಗುತ್ತದೆ, ಕೂತ ಸ್ವಲ್ಪ ಹೊತ್ತಿಗೇ ಬಟ್ಟಲು ಮುಂದೆ ಬರುತ್ತದೆ.

ಎರಡನೇ ಬಗೆಯ ಕತೆ ಜಪಾನಿನಿಂದ ಶುರುವಾಗುವುದೇ ಇಲ್ಲ. 1975ರ ನಂತರ ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್‌ಗಳಿಂದ ಓಡಿಬಂದ ಚೀನೀ ಮೂಲದ ಕುಟುಂಬಗಳು ಪ್ಯಾರಿಸ್‌ನಲ್ಲಿ ನೆಲೆಸಿದವು. 80ರ ದಶಕದಿಂದ ಚೀನಾದ ವೆನ್‌ಝೌ ಕಡೆಯವರು ದೊಡ್ಡ ಸಂಖ್ಯೆಯಲ್ಲಿ ಬಂದರು. ಬಂಡವಾಳ ಕಡಿಮೆ, ಭಾಷೆ ಬಾರದು, ಮನೆಮಂದಿಯೆಲ್ಲ ಸೇರಿ ದುಡಿಯಬಹುದಾದ ಕೆಲಸ ಅಂದರೆ ಹೋಟೆಲು. ಬೀದಿಗೊಂದು ಚೀನೀ ಹೋಟೆಲಾಯಿತು. ಪೈಪೋಟಿಗೆ ಬೆಲೆ ಇಳಿಯಿತು. ಅದೇ ಹೊತ್ತಿಗೆ ಫ್ರಾನ್ಸಿನ ಮಕ್ಕಳು ಟಿವಿಯಲ್ಲಿ ಜಪಾನಿ ಕಾರ್ಟೂನ್ ನೋಡುತ್ತಾ ಬೆಳೆಯುತ್ತಿದ್ದರು, ಜಪಾನ್ ಅಂದರೆ ಏನೋ ಒಂದು ಸೆಳೆತ. ಹಾಗಾಗಿ ಚೀನೀ ಹೋಟೆಲಿನವರಲ್ಲಿ ಕೆಲವರು ಸುಶಿ ಕಡೆ ಹೊರಳಿದರು.

ನಿಜವಾದ ತಿರುವು ಬಂದದ್ದು ಆಮೇಲೆ. 2003ರಲ್ಲಿ ಸಾರ್ಸ್ ರೋಗದ ಭಯ. 2004ರಲ್ಲಿ ಫ್ರೆಂಚ್ ಟಿವಿಯಲ್ಲಿ ಒಂದು ವರದಿ ಬಂತು. ಅಪಾರ್ಟ್‌ಮೆಂಟುಗಳೊಳಗೆ ಕದ್ದುಮುಚ್ಚಿ, ಗಲೀಜಿನಲ್ಲಿ ಚೀನೀ ಕಡುಬು ಮಾಡುವುದನ್ನು ಅದು ತೋರಿಸಿತು. ಶುಚಿಯಾಗಿ ಅಡುಗೆ ಮಾಡುತ್ತಿದ್ದವರ ಗಿರಾಕಿಗಳೂ ಕೈಬಿಟ್ಟರು. ಬಾಡಿಗೆಯಂತೂ ಕಟ್ಟಲೇಬೇಕು. ಆಗ ಎಷ್ಟೋ ಕುಟುಂಬಗಳು ಚೀನೀ ಬೋರ್ಡ್ ಇಳಿಸಿ ಜಪಾನಿ ಬೋರ್ಡ್ ಹಾಕಿದವು. ಅಡುಗೆಮನೆ ಅದೇ, ಅಡುಗೆಯವರು ಅವರೇ. ಈ ಜಗಳದಲ್ಲಿ ಎಲ್ಲರೂ ದಾಟಿಕೊಂಡು ಹೋಗುವ ಮಾತು ಇದು, ನನಗೆ ಇದೇ ಮುಖ್ಯ ಅನಿಸುತ್ತದೆ. ಆ ಮನೆಗಳಲ್ಲಿ ಹೊಟ್ಟೆಪಾಡು ಕೈತಪ್ಪಿ ಹೋಗುತ್ತಿತ್ತು, ಇನ್ನೇನು ಮಾಡಬೇಕಿತ್ತು?

ಅವರು ಕಟ್ಟಿದ ಊಟಕ್ಕೆ ಒಂದು ಖಾಯಂ ರೂಪ ಬಂತು. ಮೊದಲು ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸೂಪ್. ಅದರಲ್ಲಿ ತೆಳ್ಳಗೆ ಹೆಚ್ಚಿದ ಹಸಿ ಬಿಳಿ ಅಣಬೆ ತೇಲುತ್ತಿರುತ್ತದೆ, ಪಕ್ಕದಲ್ಲಿ ಪಿಂಗಾಣಿಯ ಚೀನೀ ಚಮಚ. (ಸಸ್ಯಾಹಾರಿಗಳು ಗಮನಿಸಿ: ಮಿಸೊ ಸೂಪಿನ ತಳದಲ್ಲಿ ಸಾಮಾನ್ಯವಾಗಿ ಒಣಮೀನಿನ ಸಾರು ಇರುತ್ತದೆ, ಕೇಳಿಯೇ ಕುಡಿಯಿರಿ.) ಜೊತೆಗೆ ಸಿಹಿ-ಹುಳಿ ವಿನೆಗರ್ ಹಾಕಿದ ಎಲೆಕೋಸು. ಆಮೇಲೆ ಕಡ್ಡಿಗಳು. ಎಲ್ಲರೂ ಮೊದಲು ಕೈ ಹಾಕುವುದು ಚೀಸ್ ತುಂಡಿಗೆ ದನದ ಮಾಂಸದ ತೆಳು ಪದರ ಸುತ್ತಿ ಸುಟ್ಟ ಕಡ್ಡಿಗೆ. ಕಚ್ಚಿದರೆ ಒಳಗಿನ ಚೀಸ್ ಕರಗಿ ಬಾಯಿ ಸುಡುತ್ತದೆ. ಮೇಜಿನ ಮೇಲೆ ಸೋಯಾ ಸಾಸಿನ ಎರಡು ಬಾಟಲಿ, ಒಂದು ಉಪ್ಪಿನದು, ಒಂದು ಸಿಹಿಯದು. ಟೋಕಿಯೊದಲ್ಲಿ ಈ ಊಟ ಹುಡುಕಿದರೆ ಸಿಗಲಿಕ್ಕಿಲ್ಲ. ಇದು ಪ್ಯಾರಿಸ್‌ನದೇ ಊಟ, ಒಂದಿಡೀ ತಲೆಮಾರಿನ ಆಫೀಸಿನವರು, ವಿದ್ಯಾರ್ಥಿಗಳು ಇದನ್ನೇ ತಿಂದು ಬೆಳೆದಿದ್ದಾರೆ.

ಸುಶಿ ತಟ್ಟೆ ತುಂಬ ಸಾಲ್ಮನ್ ಇರುತ್ತದಲ್ಲ, ಅದರದ್ದೂ ಇಂಥದೇ ಕತೆ. ಜಪಾನಿನಲ್ಲಿ ಸಾಲ್ಮನ್ ಹಸಿಯಾಗಿ ತಿನ್ನುವ ವಾಡಿಕೆ ಇರಲಿಲ್ಲ. ಅಲ್ಲಿನ ಸಮುದ್ರದ ಸಾಲ್ಮನ್‌ನಲ್ಲಿ ಪರೋಪಜೀವಿಗಳ ಭಯ ಇತ್ತು. 80ರ ದಶಕದಲ್ಲಿ ನಾರ್ವೆ ತಾನು ಸಾಕಿದ ಮೀನನ್ನು ಮಾರಲು 'ಪ್ರಾಜೆಕ್ಟ್ ಜಪಾನ್' ಶುರುಮಾಡಿ, ವರ್ಷಗಟ್ಟಲೆ ಬೆನ್ನುಹತ್ತಿ ಅದನ್ನು ಸುಶಿಗೆ ಸೇರಿಸಿತು.

2006ರಲ್ಲಿ ಜಪಾನಿನ ಕೃಷಿ ಸಚಿವ ತೊಷಿಕಾತ್ಸು ಮತ್ಸುಓಕಾ ಹೊರದೇಶದ ಜಪಾನಿ ಹೋಟೆಲುಗಳಿಗೆ ಸರ್ಕಾರದ ಪ್ರಮಾಣಪತ್ರ ಕೊಡುವ ಯೋಜನೆ ಹೇಳಿದರು. ಪತ್ರಿಕೆಗಳು ಅದಕ್ಕೆ 'ಸುಶಿ ಪೊಲೀಸ್' ಅಂತ ಹೆಸರಿಟ್ಟವು, ಗಲಾಟೆ ಎದ್ದಿತು, ಸರ್ಕಾರ ಮೆತ್ತಗಾಯಿತು. ಆದರೆ ಪ್ಯಾರಿಸ್‌ನಲ್ಲಿ ಆ ಹೊತ್ತಿಗೇ ಜಪಾನಿನ ವ್ಯಾಪಾರ ಸಂಸ್ಥೆ ಜೆಟ್ರೊದ ಮೂಲಕ ಒಳ್ಳೆಯ ಹೋಟೆಲುಗಳನ್ನು ಆರಿಸಿ ಗುರುತು ಕೊಡುವ ಕೆಲಸ ನಡೆದಿತ್ತು. ಉದ್ದೇಶ ಕೆಟ್ಟದ್ದೇನಲ್ಲ. ದುಡ್ಡು ಕೊಡುವವರಿಗೆ ತಾವು ಏನು ತಿನ್ನುತ್ತಿದ್ದೇವೆ ಅಂತ ತಿಳಿಯಬೇಕು, ಅದು ಸರಿಯೇ. ತೊಂದರೆ ಏನಾಯಿತು ಅಂದರೆ, ಸಾರು ಹೇಗೆ ಕುದಿಸಿದ್ದಾರೆ, ಮೀನು ಎಷ್ಟು ತಾಜಾ ಅನ್ನುವ ಪ್ರಶ್ನೆ ಹಿಂದೆ ಬಿತ್ತು, ಒಳಗೆ ಅಡುಗೆ ಮಾಡುವವರ ಮುಖ ಯಾವ ದೇಶದ್ದು ಅನ್ನುವುದೇ ಊರಿನ ಮಾತಾಯಿತು.

ಹಾಗೆ ನೋಡಿದರೆ ಸೇಂತ್ ಆನ್ ಬೀದಿಯ 'ಅಸಲಿ' ಮೆನುವಿನಲ್ಲಿ ಏನೇನಿದೆ? ರಾಮೆನ್ ಚೀನೀ ಶಾವಿಗೆಯಿಂದ ಬಂದದ್ದು. ಗ್ಯೋಜಾ ಅನ್ನುವ ಕಡುಬು ಜಪಾನಿನಲ್ಲಿ ಮನೆಮಾತಾದದ್ದು ಎರಡನೇ ಮಹಾಯುದ್ಧದ ಬಳಿಕ, ಮಂಚೂರಿಯಾದಿಂದ ಮರಳಿದವರಿಂದ. ಹಿಟ್ಟಿನಲ್ಲಿ ಅದ್ದಿ ಕರಿದ ತೆಂಪುರಾ ಪೋರ್ಚುಗೀಸರ ಬಳುವಳಿ. ಕರಿ ಅನ್ನ ನಮ್ಮ ದೇಶದಿಂದ ಹೊರಟು ಬ್ರಿಟಿಷರ ಕೈದಾಟಿ ಹೋದದ್ದು. ಕರಿದ ಉಂಡೆಯಂಥ ಕೊರೊಕ್ಕೆಯಂತೂ ಫ್ರೆಂಚರ ಕ್ರೋಕೆತ್, ಜಪಾನ್ ಸುತ್ತಿ ವಾಪಸ್ ಪ್ಯಾರಿಸ್‌ಗೇ ಬಂದಿದೆ. ಇವೆಲ್ಲ ಜಪಾನಿ ಆಗಬಹುದಾದರೆ ಚೀಸ್ ಕಡ್ಡಿಯನ್ನು ಮಾತ್ರ ಬಾಗಿಲ ಹೊರಗೆ ನಿಲ್ಲಿಸುವುದು ಯಾವ ನ್ಯಾಯ?

2013ರಲ್ಲಿ ವಾಶೊಕು, ಅಂದರೆ ಜಪಾನಿನ ಸಾಂಪ್ರದಾಯಿಕ ಅಡುಗೆ, ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತು. 2016ರಲ್ಲಿ ಜಪಾನ್ ಬೇರೆ ದಾರಿ ಹಿಡಿದು, ಜಪಾನಿ ಅಡುಗೆ ಕಲಿತ ವಿದೇಶಿ ಬಾಣಸಿಗರಿಗೇ ಚಿನ್ನ, ಬೆಳ್ಳಿ, ಕಂಚಿನ ದರ್ಜೆ ಕೊಡತೊಡಗಿತು. ಇದು ಮೊದಲಿನದಕ್ಕಿಂತ ಎಷ್ಟೋ ವಾಸಿ, ಯಾಕೆಂದರೆ ಇಲ್ಲಿ ನೋಡುವುದು ಕೈಕಸುಬನ್ನು. ಅದೇ ವರ್ಷ ಪ್ಯಾರಿಸ್‌ನಲ್ಲಿ ಶುರುವಾದ ಕೊದವಾರಿ ರಾಮೆನ್‌ನ ಮಾಲೀಕ ಫ್ರೆಂಚ್ ಮನುಷ್ಯ, ಹಿಂದೆ ಪೈಲಟ್. ಶಾವಿಗೆ ಅಲ್ಲೇ ಮಾಡುತ್ತಾರೆ, ಬಾಗಿಲ ಮುಂದೆ ಉದ್ದ ಸಾಲು ಇರುತ್ತದೆ. ಅದನ್ನು ಯಾರೂ ನಕಲಿ ಅನ್ನುವುದಿಲ್ಲ.

ಕಡ್ಡಿ ಹೋಟೆಲುಗಳ ಕಾಲ ಈಗ ಇಳಿಮುಖ. ಎಷ್ಟು ಬೇಕಾದರೂ ತಿನ್ನಿ ಅನ್ನುವ ಬಫೆಗಳಾಗಿ ಕೆಲವು ಉಳಿದುಕೊಂಡಿವೆ. ಚೀನೀ ಕುಟುಂಬಗಳ ಮುಂದಿನ ತಲೆಮಾರಿನ ಕೆಲವರು ಈಗ ತಮ್ಮ ಮನೆಯ ಅಡುಗೆಯನ್ನು ಚೀನೀ ಅಂತಲೇ ಬೋರ್ಡ್ ಹಾಕಿ ಮಾರುತ್ತಿದ್ದಾರೆ, ಮತ್ತು ಅಲ್ಲೂ ಜನ ಸಾಲು ನಿಲ್ಲುತ್ತಿದ್ದಾರೆ.