ಎಸರಿನ ಲೆಕ್ಕ

ಗ್ಲುಟೆನ್ ಫ್ರೀ ಅಂತ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದ ಜೋಳದ ಹಿಟ್ಟಿನ ಪೊಟ್ಟಣ ಈಗ ರಾಯಚೂರಿನಲ್ಲೂ ಸಿಗುತ್ತದೆ. ಜೋಳ ತಿಂದೇ ಬೆಳೆದ ಎರಿ ಭೂಮಿಯ ಜನರಿಗೆ ಇದನ್ನು ಹೊಸ ಸುದ್ದಿಯ ಹಾಗೆ ಮಾರುತ್ತಾರೆ ನೋಡಿ! ಶನಿವಾರ ಸಾಮಾನು ತರಲು ಹೋದಾಗ ಮಗಳು ಅದನ್ನೇ ಎತ್ತಿಕೊಂಡು, "ಅವ್ವಾ, ಇದನ್ನ ತಗೊಳ್ಳೋಣೇನು? ಆರೋಗ್ಯಕ್ಕ ಛಲೋ ಅಂತ" ಅಂದಳು.

"ಜೋಳದಾಗ ಗ್ಲುಟೆನ್ ಯಾವಾಗ ಇತ್ತವಾ?" ಅಂದೆ. ಗ್ಲುಟೆನ್ ಅಂದರೆ ಗೋಧಿ ಹಿಟ್ಟಿಗೆ ಅಂಟು ಕೊಡುವ ಪ್ರೊಟೀನು.

ಪೊಟ್ಟಣ ಅಲ್ಲೇ ಉಳಿಯಿತು. ಆದರೆ ಹುಡುಗಿ ಬಿಡಲಿಲ್ಲ. "ಗ್ಲುಟೆನ್ ಇಲ್ಲಂದ್ರ ರೊಟ್ಟಿ ಹೆಂಗ ಹಿಡಕೊಂಡು ನಿಲ್ತದ?" ಅಂತ ಕೇಳಿದಳು. ಇಂಥ ಪ್ರಶ್ನೆ ಕೇಳಿದರೆ ನನಗೆ ಮಾರ್ಕೆಟ್ಟು ಗೀರ್ಕೆಟ್ಟು ಎಲ್ಲ ಮರೆತುಹೋಗುತ್ತದೆ.

ಪೊಟ್ಟಣಕ್ಕೂ ಒಂದು ನ್ಯಾಯ ಹೇಳಿಬಿಡುತ್ತೇನೆ. ಸೀಲಿಯಾಕ್ ಅನ್ನುವ ಕಾಯಿಲೆ ಇದೆ. ಅದಿರುವವರು ಗ್ಲುಟೆನ್ ತಿಂದರೆ ಅವರ ದೇಹ ತನ್ನದೇ ಸಣ್ಣ ಕರುಳಿಗೆ ಏಟು ಹಾಕುತ್ತದೆ. ನಮ್ಮ ಗಿರಣಿಗಳಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಜೋಳವನ್ನೂ ಬೀಸುತ್ತಾರೆ. ಹಿಂದಿನವರ ಗೋಧಿ ಹಿಟ್ಟು ನಮ್ಮ ಡಬ್ಬಿಗೂ ಒಂದಿಷ್ಟು ಬಂದೇ ಬರುತ್ತದೆ. ಸೀಲಿಯಾಕ್ ಇರುವವರಿಗೆ ಅಷ್ಟೂ ಆಗದು. ಅವರು ಆ ಅಚ್ಚು ನೋಡಿ ಕೊಳ್ಳಲಿ. ಉಳಿದವರು ಸುಮ್ನೆ ಬಿಳಿಜೋಳ ತಂದು ಗಿರಣಿಗೆ ಹಾಕಿಸಿದರೆ ಸಾಕು.

ಇನ್ನು "ಗೋಧಿ ವಿಷ, ಜೋಳ ಅಮೃತ" ಅನ್ನುವ ಮೊಬೈಲ್ ಪಂಡಿತರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳ ಪಟ್ಟಿ ಹೊರತಂದಿದೆ. ಅದರ ಪ್ರಕಾರ 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ. ಗೋಧಿ ಹಿಟ್ಟಿನಲ್ಲಿ ಸುಮಾರು 11! ಪ್ರೊಟೀನೂ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಬಿಳಿ ಅಕ್ಕಿಯ ಎದುರು ಇಟ್ಟಾಗ ಮಾತ್ರ ಜೋಳದ ನಿಜವಾದ ಬಲ ಕಾಣುತ್ತದೆ. ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ, ಕಬ್ಬಿಣ ಜೋಳದಲ್ಲಿರುವುದರ ಆರನೇ ಒಂದು ಪಾಲಿನಷ್ಟು. ಹಾಗಂತ "ಜೋಳ ತಿಂದರೆ ಶುಗರ್ ಏರೋದಿಲ್ಲ" ಅನ್ನುವುದೂ ಸುಳ್ಳು. ಅದರಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಲೆಕ್ಕ ತಪ್ಪಿ ತಿಂದರೆ ಯಾವ ರೊಟ್ಟಿಯೂ ಕಾಯುವುದಿಲ್ಲ.

ನಮ್ಮ ಭಾಗಕ್ಕೆ ಈ ಹೋಲಿಕೆ ಸುಮ್ನೆ ಪುಸ್ತಕದ ಮಾತಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಕಾಲುವೆ ನೀರು ಬಂದಲ್ಲೆಲ್ಲ, ಸಿಂಧನೂರು, ಮಾನ್ವಿ, ಗಂಗಾವತಿ ಕಡೆ, ಭತ್ತ ಬಂತು. ಸೋನಾ ಮಸೂರಿ ನಮ್ಮ ಹೆಮ್ಮೆಯೂ ಆಯಿತು. ಜೋಳ ಉಳಿದದ್ದು ಹೆಚ್ಚಾಗಿ ಮಳೆ ನೆಚ್ಚಿದ ಎರಿ ಹೊಲದಲ್ಲಿ. ಹಿಂಗಾರಿಗೆ ಬಿತ್ತಿದರೆ, ಮಣ್ಣು ಹಿಡಿದಿಟ್ಟ ತೇವದಲ್ಲೇ ತೆನೆ ಕಟ್ಟುವ ಬೆಳೆ ಅದು. ಇದರ ತವರು ನಮ್ಮದಲ್ಲ, ಆಫ್ರಿಕಾ. ಪೂರ್ವ ಸುಡಾನಿನಲ್ಲಿ ಸಿಕ್ಕ ಹಳೇ ಮಡಕೆ ಚೂರುಗಳಲ್ಲಿ ಜೋಳದ ಗುರುತು ಇದೆ. 5000 ವರ್ಷ ಹಿಂದೆಯೇ ಅಲ್ಲಿಯವರು ಅದನ್ನು ಪಳಗಿಸತೊಡಗಿದ್ದರು.

ಸರಿ, ಪ್ರಶ್ನೆಗೆ ಬರೋಣ. ಭಾನುವಾರ ಬೆಳಿಗ್ಗೆ ಮಗಳ ಕೈಗೆ ಎರಡು ಉಂಡೆ ಕೊಟ್ಟೆ. ಒಂದು ಗೋಧಿ ಕಣಕ, ಇನ್ನೊಂದು ತಣ್ಣೀರಲ್ಲಿ ಕಲಸಿದ ಜೋಳದ ಹಿಟ್ಟು. "ನಳದ ಕೆಳಗ ಹಿಡಿದು ತೊಳಿ" ಅಂದೆ. ಗೋಧಿ ಉಂಡೆಯಿಂದ ಹಾಲಿನಂಥ ನೀರು ಇಳಿಯಿತು. ಆಮೇಲೆ ನೀರು ತಿಳಿಯಾಯಿತು. ಅವಳ ಬೆರಳಿಗೆ ಬೂದು ಬಣ್ಣದ, ಎಳೆದರೆ ರಬ್ಬರಿನಂತೆ ಬರುವ ಮುದ್ದೆ ಅಂಟಿಕೊಂಡಿತು. ಅದೇ ಗ್ಲುಟೆನ್. ಜೋಳದ ಉಂಡೆ? ಪೂರಾ ಜಾರಿಹೋಗಿ ಅಂಗೈ ಖಾಲಿ.

ಇದು ಹಳೇ ಪ್ರಯೋಗ. ಇಟಲಿಯ ಬೊಲೋನ್ಯಾದಲ್ಲಿ ಯಾಕೊಪೊ ಬಾರ್ತೊಲೊಮಿಯೊ ಬೆಕ್ಕಾರಿ ಅನ್ನುವವರು 1728ರಲ್ಲೇ ಗೋಧಿ ಹಿಟ್ಟನ್ನು ತೊಳೆದು ಹೀಗೆ ಬೇರೆ ಮಾಡಿದ ಬಗ್ಗೆ ಹೇಳಿದ್ದರು. 1745ರಲ್ಲಿ ಅದು ಅಚ್ಚಾಯಿತು. ಗಿಡದಿಂದ ಬಂದ ವಸ್ತುವಿನಲ್ಲಿ ಪ್ರಾಣಿ ಮಾಂಸದ ಗುಣ ಕಂಡು ಆ ಕಾಲದವರು ಬೆರಗಾದರು. ಗೋಧಿಯ ಗ್ಲಿಯಾಡಿನ್, ಗ್ಲುಟೆನಿನ್ ಅನ್ನುವ ಪ್ರೊಟೀನುಗಳು ನೀರು ಕಂಡೊಡನೆ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಜೋಳದ ಮುಖ್ಯ ಪ್ರೊಟೀನಿನ ಹೆಸರು ಕಾಫಿರಿನ್. ಅದು ನೀರು ಹಿಡಿಯದ ಗಟ್ಟಿ ಗುಳಿಗೆಗಳಾಗಿ ಕುಳಿತಿರುತ್ತದೆ. ನಾದಿದರೂ ಎಳೆ ಬಿಡುವುದಿಲ್ಲ.

ಪ್ರೊಟೀನು ಕೈಕೊಟ್ಟ ಮೇಲೆ ಉಳಿದದ್ದು ಪಿಷ್ಟ. ಅದನ್ನು ಎಬ್ಬಿಸುವುದೇ ಎಸರಿನ, ಅಂದರೆ ಹಿಟ್ಟಿಗೆ ಸುರಿಯುವ ಕುದಿನೀರಿನ ಕೆಲಸ.

ಪಿಷ್ಟ ಹಿಟ್ಟಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಾಳುಗಳಾಗಿರುತ್ತದೆ. ಒಳಗೆ ಸಕ್ಕರೆಯ ಉದ್ದುದ್ದ ಸರಪಳಿಗಳು ಒತ್ತೊತ್ತಾಗಿ ಜೋಡಿಸಿಕೊಂಡಿರುತ್ತವೆ. ತಣ್ಣೀರು ಆ ಜೋಡಣೆಯ ಒಳಕ್ಕೆ ನುಗ್ಗಲಾರದು. ಬಿಸಿ ಏರಿದಾಗ ಸರಪಳಿಗಳು ಅಲುಗಾಡಿ ಹಿಡಿತ ಸಡಿಲವಾಗುತ್ತದೆ, ಅವುಗಳ ನಡುವೆ ನೀರು ಸೇರುತ್ತದೆ. ಒಲೆ ಮೇಲಿನ ಸಾಬೂದಾಣಿ ಹಾಗೆ ಕಾಳು ಉಬ್ಬುತ್ತದೆ. ಉಬ್ಬಿದ ಕಾಳಿನಿಂದ ಅಮೈಲೋಸ್ ಅನ್ನುವ ನೆಟ್ಟನೆ ಸರಪಳಿಗಳು ಹೊರಗೆ ಸೋರುತ್ತವೆ. ಪಕ್ಕದ ಕಾಳುಗಳಿಗೆ ಅವೇ ಅಂಟು. ನಾವು ಜಿಗಿ ಅನ್ನುವುದು ಇದಕ್ಕೇ. ಗೋಧಿಯ ಪಿಷ್ಟ ಸುಮಾರು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಹೀಗಾಗುತ್ತದೆ. ಜೋಳದ್ದು ಸ್ವಲ್ಪ ಮೊಂಡು, ಅದಕ್ಕೆ 70 ಡಿಗ್ರಿ ಅಥವಾ ಅದಕ್ಕೂ ಜಾಸ್ತಿ ಬೇಕು.

ಇಲ್ಲಿ ಒಂದು ಲೆಕ್ಕ ಮಾಡಿ. 30 ಡಿಗ್ರಿಯ ಹಿಟ್ಟು, ಅಷ್ಟೇ ತೂಕದ ಕುದಿಯುವ ನೀರು. ಹಿಟ್ಟು ಬಿಸಿಯಾಗಲು ನೀರಿಗಿಂತ ಅರ್ಧಕ್ಕೂ ಕಡಿಮೆ ಶಾಖ ಸಾಕು. ಹಾಗಾಗಿ ಎರಡೂ ಕೂಡಿದಾಗ ಬಿಸಿ ಹತ್ತಿರಹತ್ತಿರ 80ಕ್ಕೆ ನಿಲ್ಲುತ್ತದೆ. ಗೆದ್ದೆವು! ಅದೇ ನೀರು 80 ಡಿಗ್ರಿ ಇದ್ದರೆ? ಕೈ ಸುಡುವ ನೀರೇ. ಆದರೆ ಮಿಶ್ರಣ 65ರ ಹತ್ತಿರ ಕುಳಿತುಬಿಡುತ್ತದೆ. ಪಾತ್ರೆಗೆ ಹೋಗುವ ಶಾಖ ಕಳೆದರೆ ಇನ್ನೂ ಕೆಳಗೆ. ಜೋಳದ ಪಿಷ್ಟ ಮಿಸುಕುವುದಿಲ್ಲ, ಬಡಿಯುವಾಗ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. "ನಿನ್ನ ಕೈಗುಣ ಸರಿ ಇಲ್ಲ" ಅಂತ ಸೊಸೆಗೆ ಅನ್ನುವ ಅತ್ತೆಯರು ಮೊದಲು ಎಸರು ಮರಳಿತ್ತೇ ಅಂತ ಕೇಳಲಿ. ಕೈಗುಣ ಅನ್ನುವುದರಲ್ಲಿ ಅರ್ಧ ಥರ್ಮಾಮೀಟರ್ ಇದೆ. ಉಳಿದರ್ಧ ಅಭ್ಯಾಸ. ಅದಕ್ಕೆ ನನ್ನ ತಕರಾರಿಲ್ಲ.

ಹಿಟ್ಟಿಗೆಲ್ಲ ಎಸರು ಹಾಕಿದರೂ ಕೆಡುತ್ತದೆ. ಪೂರಾ ಬೆಂದ ಪಿಷ್ಟ ಬೆರಳು ಬಿಡುವುದಿಲ್ಲ. ಹಾಗಾಗಿ ಒಂದಿಷ್ಟು ಹಿಟ್ಟಿಗೆ ಎಸರು, ಮೇಲೆ ಒಣಹಿಟ್ಟು ಸೇರಿಸಿ ನಾದುವುದು. ಬೆಂದದ್ದು ಅಂಟು, ಬೇಯದ್ದು ಮೈ.

ಹಂಚಿನ ಮೇಲೆ ಇದೇ ಆಟ ಮತ್ತೊಮ್ಮೆ ನಡೆಯುತ್ತದೆ. ರೊಟ್ಟಿ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುತ್ತೇವಲ್ಲ, ಅದು ಸುಮ್ನೆ ಒಣಹಿಟ್ಟು ತೊಳೆಯಲು ಅಲ್ಲ. ಆ ನೀರು ಮೇಲಿನ ಹಿಟ್ಟನ್ನೂ ಬೇಯಿಸಿ ಪೊರೆ ಕಟ್ಟುತ್ತದೆ. ತಿರುವಿ ಹಾಕಿದಾಗ ಎರಡೂ ಬದಿ ಮುಚ್ಚಿರುತ್ತದೆ. ಒಳಗಿನ ನೀರು ಆವಿಯಾದರೆ ಸಾವಿರದೈನೂರು ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ. ಪೊರೆ ಎಲ್ಲೂ ಹರಿಯದಿದ್ದರೆ ರೊಟ್ಟಿ ಉಬ್ಬಲೇಬೇಕು. ಮಗಳ ಮೊದಲ ರೊಟ್ಟಿ ಒಂದು ಮೂಲೆಯಲ್ಲಿ ಉಸ್ ಅಂದು ಚಪ್ಪಟೆಯಾಯಿತು. ಬಾಗಿ ನೋಡಿದರೆ ಅಂಚಿನಲ್ಲಿ ಗುಂಡುಸೂಜಿ ತಲೆಯಷ್ಟು ತೂತು. ಎರಡನೆಯದು ಉಬ್ಬಿತು, ಅವಳೂ ಉಬ್ಬಿದಳು.

ಜೊತೆಗೆ ಪುಂಡಿಪಲ್ಲೆ, ಹಸಿ ಉಳ್ಳಾಗಡ್ಡಿ, ಹಕ್ಕರಕಿ, ಗುರೆಳ್ಳು ಚಟ್ನಿ. ಶನಿವಾರ ಉಸ್ಮಾನಿಯಾ ಮಾರ್ಕೆಟ್ಟಿನಿಂದ ಸೊಪ್ಪು ಆರಿಸಿ ತಂದವಳು ಅವಳೇ. ಜೋಳದಲ್ಲಿ ಕಬ್ಬಿಣ ಇದೆ ಅಂದೆನಲ್ಲ, ಅದನ್ನು ಫೈಟೇಟ್ ಅನ್ನುವ ವಸ್ತು ಬಿಗಿಯಾಗಿ ಹಿಡಿದಿರುತ್ತದೆ. ದೇಹಕ್ಕೆ ಸುಲಭವಾಗಿ ಸಿಗದು. ವಿಟಮಿನ್ ಸಿ ಆ ಹಿಡಿತ ಮೀರಲು ನೆರವಾಗುತ್ತದೆ. ಆದರೆ ಪಲ್ಲೆ ಕುದಿಯುವಾಗ ಅದರ ಒಂದು ಪಾಲು ಹಾಳಾಗುತ್ತದೆ. ಅದಕ್ಕೇ ತಟ್ಟೆಯಲ್ಲಿ ಹಸಿ ಸೊಪ್ಪಿರಬೇಕು, ಮೇಲೆ ಲಿಂಬೆ ಹಿಂಡಬೇಕು. ಊಟ ಆದಮೇಲೆ ಚಹಾ ಕುಡಿಯಬೇಡಿ, ಅದರ ಟ್ಯಾನಿನ್ ಕಬ್ಬಿಣವನ್ನು ಮತ್ತೆ ಕಟ್ಟಿಹಾಕುತ್ತದೆ. ಈ ಮಾತು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಉಳಿದ ರೊಟ್ಟಿ ಸಂಜೆಗೆ ಬಿರುಸಾಯಿತು. "ಒಣಗ್ಯಾವ" ಅಂದಳು ಮಗಳು. ಮುಚ್ಚಿಟ್ಟ ಡಬ್ಬಿಯಲ್ಲಿ ಒಣಗುವುದು ಹೇಗೆ? 1852ರಲ್ಲಿ ಫ್ರಾನ್ಸಿನ ವಿಜ್ಞಾನಿ ಬುಸ್ಸಾಂಗೊ ಇದನ್ನೇ ಬ್ರೆಡ್ಡಿನಲ್ಲಿ ಪರೀಕ್ಷಿಸಿದರು. ನೀರು ಹೊರಹೋಗದಂತೆ ಮುಚ್ಚಿಟ್ಟರೂ ಬ್ರೆಡ್ಡು ಬಿರುಸಾಯಿತು, ಬಿಸಿ ಮಾಡಿದಾಗ ಮತ್ತೆ ಮೆತ್ತಗಾಯಿತು. ತಣ್ಣಗಾದಾಗ ಪಿಷ್ಟದ ಸರಪಳಿಗಳು ಪುನಃ ಸಾಲುಗಟ್ಟುತ್ತವೆ. ಬಿಸಿ ತಾಗಿದರೆ ಆ ಸಾಲು ಸಾಕಷ್ಟು ಮುರಿಯುತ್ತದೆ. ಹಾಗಾಗಿ ನೀರು ಚಿಮುಕಿಸಿ ಹಂಚಿನ ಮೇಲೆ ಒಂದು ಸಲ ಹಾಕಿ ತೆಗೆದರೆ ರಾತ್ರಿಗೂ ಆಗುತ್ತದೆ. ಕಟಕ ರೊಟ್ಟಿಯ ಕಥೆ ಬೇರೆ. ಅದರಲ್ಲಿ ನೀರೇ ಉಳಿದಿರುವುದಿಲ್ಲ. ನೀರಿಲ್ಲದೆ ಸರಪಳಿಗಳು ಅಲುಗಾಡಲಾರವು, ಬೂಸ್ಟು ಬೆಳೆಯಲಾರದು. ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಮಳೆಗಾಲದಲ್ಲಿ ಮಾತ್ರ ಡಬ್ಬಿಯ ಮುಚ್ಚಳ ಬಿಗಿ ಇರಲಿ.